ಚಿಕ್ಕವ್ವ ಕೇಳಿದ ಪುಸ್ತಕ

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಚಳ್ಳಕೆರೆಯಲ್ಲಿ ಬಾಡಿಗೆ ಪುಸ್ತಕದ ಅಂಗಡಿ ಇಟ್ಟೆ. ಅಪ್ಪ ಮತ್ತು ಅಣ್ಣ ಶೇಂಗಾ ಎಣ್ಣೆ ಮಿಲ್ಲು ನಡೆಸುತ್ತಿದ್ದರು. ನನಗೆ ಆ ವ್ಯಾಪಾರ ಹತ್ತಲಿಲ್ಲ. ಮಂಡಿಯಲ್ಲಿ ಕಾಯಿ ಕೈಗೆತ್ತಿಕೊಂಡು ಅಲ್ಲಾಡಿಸಿ ಒಳಗಿನ ಬೀಜದ ಗುಣ ಹೇಳುವುದು ಅಣ್ಣನಿಗೆ ಹದಿನಾರು ವರ್ಷಕ್ಕೇ ಬಂತು, ನನಗೆ ಇಪ್ಪತ್ತೈದಾದರೂ ಬರಲಿಲ್ಲ. ಕಡೆಗೆ ಅಪ್ಪ ಬೇಸತ್ತು, ಮಿಲ್ಲಿನ ಗೋಡೌನಿನಲ್ಲಿ ರಸ್ತೆ ಕಡೆ ಬಾಗಿಲಿದ್ದ ಒಂದು ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಮೊದಲು ಅಲ್ಲಿ ಹಿಂಡಿಯ ಚೀಲ ಪೇರಿಸುತ್ತಿದ್ದರು. ಎಷ್ಟು ಸಲ ಸುಣ್ಣ ಹೊಡೆಸಿದರೂ ಆ ವಾಸನೆ ಹೋಗಲಿಲ್ಲ. ಆಸ್ಪತ್ರೆಯ ನರ್ಸಮ್ಮ ಒಬ್ಬರು ಕಾದಂಬರಿ ವಾಪಸು ಕೊಡುವಾಗೆಲ್ಲ, "ನಿಮ್ಮ ಪುಸ್ತಕ ಬಿಚ್ಚಿದ್ರೆ ಒಗ್ಗರಣೆ ಹಾಕಬೇಕು ಅನ್ಸುತ್ತೆ" ಎಂದು ನಗುತ್ತಿದ್ದರು.

ನನ್ನ ಗಿರಾಕಿಗಳಲ್ಲಿ ಎಲ್ಲರಿಗಿಂತ ಹೆಚ್ಚು ಓದುತ್ತಿದ್ದವಳು ನನ್ನ ಚಿಕ್ಕವ್ವ, ಅವ್ವನ ತಂಗಿ. ಅವಳನ್ನು ಹತ್ತಿರದ ಹಳ್ಳಿ ನನ್ನಿವಾಳಕ್ಕೆ ಕೊಟ್ಟಿದ್ದರು. ತುಂಬಿದ ಮನೆ. ಚಿಕ್ಕಪ್ಪ, ಅವನ ಇಬ್ಬರು ತಮ್ಮಂದಿರು, ಅವರ ಹೆಂಡಿರು ಮಕ್ಕಳು, ಒಂದು ಹಟ್ಟಿ ದನ. ಎಲ್ಲರದೂ ಕೂಡು ಬೇಸಾಯ. ಚಿಕ್ಕವ್ವ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದುವ ಚಟ ಮಾತ್ರ ಬಿಟ್ಟಿರಲಿಲ್ಲ. ಸಂತೆಯ ದಿನ ಬಸ್ಸಿಳಿದು ಮೊದಲು ನನ್ನ ಅಂಗಡಿಗೆ ಬರುತ್ತಿದ್ದಳು. ಕಪಾಟಿನ ಮುಂದೆ ನಿಂತು ಪುಸ್ತಕದ ಕೊನೆಯ ಹಾಳೆ ತೆರೆದು ನೋಡುವಳು. "ಕೊನೆ ಓದಿಬಿಟ್ರೆ ಏನು ಉಳೀತದೆ ಚಿಕ್ಕವ್ವ" ಎಂದರೆ, "ಸಾಯಿಸಿದ್ರೆ ಮೊದಲೇ ಗೊತ್ತಿರಬೇಕಪ್ಪ, ಮನಸ್ಸು ಗಟ್ಟಿ ಮಾಡ್ಕೊಂಡು ಓದಬಹುದು" ಎನ್ನುವಳು. ಆರಿಸಿದ ಪುಸ್ತಕಗಳನ್ನು ಕೈಚೀಲದ ತಳಕ್ಕೆ ಹಾಕಿ, ಮೇಲೆ ಸೊಪ್ಪು ತರಕಾರಿ ಹೇರಿಕೊಂಡು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು.

ಅವಳು ತನ್ನೊಬ್ಬಳಿಗಾಗಿ ಓದುತ್ತಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಒಂದು ಬೇಸಿಗೆಯಲ್ಲಿ. ಯಾವುದೋ ಕೆಲಸಕ್ಕೆ ನನ್ನಿವಾಳಕ್ಕೆ ಹೋಗಿದ್ದೆ. ಬಿತ್ತನೆಗೆ ಬೀಜ ಸುಲಿಯುವ ಕಾಲ. ಬಿತ್ತುವ ಶೇಂಗಾವನ್ನು ಮಿಷನ್ನಿಗೆ ಹಾಕುವಂತಿಲ್ಲ, ಬೀಜ ಒಡೆಯುತ್ತದೆ. ಕೈಯಲ್ಲೇ ಸುಲಿಯಬೇಕು. ಪಡಸಾಲೆಯಲ್ಲಿ ಮನೆಯ ಹೆಂಗಸರು, ನೆರೆಹೊರೆಯವರು ಎಲ್ಲ ಸುತ್ತ ಕೂತಿದ್ದರು. ನಡುವೆ ಕಾಯಿಯ ರಾಶಿ. ಚಿಕ್ಕವ್ವ ಮಾತ್ರ ಕಂಬಕ್ಕೊರಗಿ ಕಾದಂಬರಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಅವಳ ಪಾಲಿನ ಕಾಯಿಯನ್ನು ಉಳಿದವರು ಸುಲಿದುಕೊಡುತ್ತಿದ್ದರು. ಅದು ಅವರವರಲ್ಲೇ ಆಗಿದ್ದ ಒಪ್ಪಂದ.

ಆ ದಿನದ ಕಾದಂಬರಿಯಲ್ಲಿ ಘಟ್ಟದ ಮೇಲಿನ ಒಂದು ಊರು, ಅಲ್ಲೊಂದು ಹೊಸ ಮದುವೆ, ಬಿಡದೆ ಸುರಿಯುವ ಮಳೆ. ವಾರಗಟ್ಟಲೆ ಸೀರೆ ಒಣಗದೆ ಹುಡುಗಿ ಒಲೆಯ ಮೇಲೆ ಬಟ್ಟೆ ಹಿಡಿಯುವ ಭಾಗ ಬಂತು. ಒಬ್ಬ ಮುದುಕಿ ಕೈ ನಿಲ್ಲಿಸಿ, "ವಾರಗಟ್ಲೆ ಬಟ್ಟೆ ಒಣಗಲ್ವಾ? ಬರೆದೋರಿಗೆ ಲೆಕ್ಕ ತಪ್ಪೈತೆ" ಎಂದಳು.

"ತಪ್ಪಿಲ್ಲ ಕಣವ್ವ, ಅಲ್ಲಿ ಹಂಗೇ" ಎಂದಳು ಚಿಕ್ಕವ್ವ.

"ಹಂಗಾದ್ರೆ ಅವರು ಉಡೋದೇನು?"

ಎಲ್ಲರೂ ನಕ್ಕರು. ಆ ನಗುವಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ನಮ್ಮ ಕಡೆ ಮಳೆ ಯಾವತ್ತೂ ಕಡಿಮೆಯೇ. ಆದರೆ ಬರುವ ಹೊತ್ತಿಗೆ ಬರುತ್ತಿತ್ತು. ಬಿತ್ತಲು ಒಂದು ಹದ, ಹೂವಿಗೆ ಒಂದು ಹದ, ಕಾಯಿ ತುಂಬಲು ಇನ್ನೊಂದು. ಅಷ್ಟು ಸಿಕ್ಕರೆ ಸಾಕು, ಚಳ್ಳಕೆರೆಯ ಮಿಲ್ಲುಗಳೆಲ್ಲ ಯುಗಾದಿವರೆಗೂ ಓಡುತ್ತಿದ್ದವು. ಆದ್ದರಿಂದ ಕಾದಂಬರಿಯ ಮಳೆ ನಮಗೆ ಬೇರೆ ದೇಶದ ಸುದ್ದಿಯಂತೆ. ಕೇಳಲು ಚೆನ್ನಾಗಿತ್ತು, ಬೇಕೆಂದೇನೂ ಅನ್ನಿಸುತ್ತಿರಲಿಲ್ಲ.

ಕಾಲ ಕೆಟ್ಟದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಒಂದು ದಿನ, ಒಂದು ವರ್ಷ ಅಂತ ಇಲ್ಲ. ಒಂದು ಸಲ ಹೂವು ಬಿಟ್ಟು, ಸೂಜಿಯಂಥ ಕುಡಿ ಕಾಯಿ ಕಟ್ಟಲು ಮಣ್ಣಿಗಿಳಿಯುವ ಹೊತ್ತಿಗೆ ಮಳೆ ಕೈಕೊಟ್ಟಿತು. ನೆಲ ಗಟ್ಟಿಯಾಗಿ ಕುಡಿ ಒಳಗೆ ಹೋಗಲಾರದೆ ಮೇಲೇ ಒಣಗಿತು. ಹೋಗಲಿ, ಅಂಥ ವರ್ಷ ಮೊದಲೂ ಇತ್ತು ಎಂದರು. ಮುಂದಿನ ಸಲ ಮಳೆ ಚೆನ್ನಾಗಿಯೇ ಆಯಿತು, ಆದರೆ ಕಾಯಿ ಕಿತ್ತು ಒಣಗಲು ಹಾಕಿದ ಮೇಲೆ. ಮಂಡಿಗೆ ಬಂದ ಮಾಲು ಕಪ್ಪಾಗಿತ್ತು. ಅಣ್ಣ ಕಾಯಿ ಅಲ್ಲಾಡಿಸಿ ನೋಡುವುದನ್ನೇ ಬಿಟ್ಟು ಮೂಸಿ ನೋಡತೊಡಗಿದ. ಚಳಿಗಾಲವೂ ಏನೋ ಆಯಿತು. ಸಂಕ್ರಾಂತಿಯ ಹೊತ್ತಿಗೆ ಮಾಳಿಗೆಯ ಮೇಲೆ ಮಲಗಲು ಎರಡು ಕಂಬಳಿ ಬೇಕಿದ್ದ ಊರಲ್ಲಿ ಜನ ಒಂದನ್ನೂ ಕಾಲ ಕೆಳಗೆ ತಳ್ಳಿ ಮಲಗುತ್ತಿದ್ದರು.

ಇವನ್ನೆಲ್ಲ ಯಾರೂ ಒಟ್ಟಿಗೆ ಸೇರಿಸಿ ನೋಡುತ್ತಿರಲಿಲ್ಲ. ಸೇರಿಸಿ ಮಾತಾಡಿದವಳು ಚಿಕ್ಕವ್ವ. ಒಂದು ಸಂತೆಯ ದಿನ ಪುಸ್ತಕ ವಾಪಸು ಕೊಟ್ಟು, ಕಪಾಟಿನ ಕಡೆ ಹೋಗದೆ ನನ್ನ ಎದುರಿನ ಸ್ಟೂಲಿನ ಮೇಲೆ ಕೂತಳು.

"ಅಪ್ಪಾ, ನಮ್ಮ ಕಡೆ ಕಾಲ ಹಿಂಗ್ ಕೆಡ್ತಾ ಐತಲ್ಲ, ಇದನ್ನ ಯಾರಾದ್ರೂ ಬರೆದಾರಾ?"

"ಬರದ ಮೇಲೆ ಕಾದಂಬರಿ ಬೇಕಾದಷ್ಟು ಇದಾವೆ ಚಿಕ್ಕವ್ವ."

"ಒಂದು ಕೊಡು ನೋಡಾನ."

ಒಂದಲ್ಲ, ಮೂರು ಕೊಟ್ಟೆ. ಮುಂದಿನ ಸಂತೆಗೆ ಮೂರನ್ನೂ ಓದಿ ತಂದಳು. ಅವಳ ಮುಖದಲ್ಲಿ ಸಮಾಧಾನವಿರಲಿಲ್ಲ.

"ಇವು ಬರದ ಕತೆ. ಚೆನ್ನಾಗದಾವೆ. ಒಂದರಲ್ಲಿ ಗೌಡ ಕೆಟ್ಟೋನು, ಕಣಜದಾಗೆ ಕಾಳಿಟ್ಕೊಂಡು ಕೊಡಲ್ಲ. ಇನ್ನೊಂದರಲ್ಲಿ ಸಾಹುಕಾರ ಕೆಟ್ಟೋನು. ಕೊನೆಗೆ ಮೂರರಲ್ಲೂ ಮಳೆ ಬರ್ತೈತೆ."

"ಮತ್ತೆ?"

"ಬರ ನಾನೂ ಕಂಡೀನಪ್ಪ. ಸಣ್ಣೋಳಿದ್ದಾಗ ಗಂಜಿ ಕೇಂದ್ರಕ್ಕೆ ಜನ ಸಾಲು ನಿಂತಿದ್ದು ನೆನಪೈತೆ. ಬರ ಬರ್ತೈತೆ, ಹೋಗ್ತೈತೆ. ಹೋದ ಮೇಲೆ ಎಲ್ಲಾ ಮೊದಲಿನಂಗೆ ಆಗ್ತೈತೆ. ಇದು ಹಂಗೆ ಕಾಣಲ್ಲ. ಮಳೆ ಬಂದ್ರೂ ಮೊದಲಿನಂಗೆ ಆಗ್ತಾ ಇಲ್ಲ. ಇದಕ್ಕೆ ಬೇರೆ ಏನೋ ಹೆಸರಿರಬೇಕು."

ಆ ಹೆಸರು ನನಗೂ ಗೊತ್ತಿರಲಿಲ್ಲ. ಪತ್ರಿಕೆಗಳಲ್ಲಿ ಭೂಮಿ ಬಿಸಿಯಾಗುತ್ತಿದೆ ಎಂಬ ಲೇಖನ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಅದರ ಜೊತೆ ಮಂಜುಗಡ್ಡೆಯ ಮೇಲೆ ನಿಂತ ಬಿಳಿ ಕರಡಿಯ ಚಿತ್ರ. ಒಂದನ್ನು ಕತ್ತರಿಸಿ ಇಟ್ಟು ಅವಳಿಗೆ ತೋರಿಸಿದೆ. ಸಮುದ್ರ ಏರುತ್ತದೆ ಎಂದು ಓದಿ ಅವಳು ನನ್ನ ಮುಖ ನೋಡಿದಳು. "ಸಮುದ್ರ ಏರಿ ನನ್ನಿವಾಳಕ್ಕೆ ಬರಾಕೆ ಆಗ್ತೈತೇನಪ್ಪ" ಎಂದಳು. ವ್ಯಂಗ್ಯಕ್ಕೆ ಹೇಳಿದ್ದಲ್ಲ. ತನಗೂ ಅದಕ್ಕೂ ಏನು ಸಂಬಂಧ ಎಂದು ನಿಜವಾಗಿ ಕೇಳಿದಳು. ವಿವರಿಸುವಷ್ಟು ನನಗೂ ತಿಳಿದಿರಲಿಲ್ಲ. ಊರಿನಲ್ಲಿ ಆಗ ಬೇರೆ ಬೇರೆ ಮಾತುಗಳಿದ್ದವು. ರಾಕೆಟ್ಟು ಬಿಟ್ಟು ಮೋಡಕ್ಕೆ ತೂತು ಮಾಡಿದ್ದಾರೆ ಎನ್ನುವವರಿದ್ದರು. ಟಿ.ವಿ. ತಟ್ಟೆಗಳು ಮಳೆಯನ್ನು ತಡೆಯುತ್ತವೆ ಎಂದು ಚಿಕ್ಕವ್ವನೇ ಕೆಲವು ಕಾಲ ನಂಬಿದ್ದಳು. ನನ್ನ ನಂಬಿಕೆಯೂ ಅದಕ್ಕಿಂತ ದೊಡ್ಡದೇನಿರಲಿಲ್ಲ. ಕಾಡು ಕಡಿದದ್ದರಿಂದ ಎಂದು ಶಾಲೆಯಲ್ಲಿ ಕಲಿತದ್ದನ್ನು ಹೇಳುತ್ತಿದ್ದೆ. "ನಮ್ಮ ಕಡೆ ಕಾಡು ಯಾವಾಗಿತ್ತಪ್ಪ" ಎಂದು ಅವಳು ತಿರುಗಿ ಕೇಳುತ್ತಿದ್ದಳು.

ಆದರೂ ಅವಳು ಕೇಳಿದ ಪುಸ್ತಕ ಹುಡುಕುವುದನ್ನು ನಾನು ಬಿಡಲಿಲ್ಲ. ಬೆಂಗಳೂರಿನಿಂದ ಹೊಸ ಪುಸ್ತಕ ತರುತ್ತಿದ್ದ ಏಜೆಂಟನನ್ನು ಪ್ರತಿ ಸಲ ವಿಚಾರಿಸುತ್ತಿದ್ದೆ. "ಮಳೆ ಕೆಟ್ಟ ಕಾದಂಬರಿ ಅಂದ್ರೆ ಏನ್ ಸಾರ್, ಸಾಮಾಜಿಕಾನಾ, ಪತ್ತೇದಾರಿಯಾ" ಎಂದು ಆತ ಕೇಳುತ್ತಿದ್ದ. ಒಂದು ಸಲ ವೈಜ್ಞಾನಿಕ ಕಾದಂಬರಿಯೊಂದನ್ನು ತಂದ. ಅದರಲ್ಲಿ ಸಮುದ್ರ ಉಕ್ಕಿ ಮಹಾನಗರವೊಂದು ಮುಳುಗುತ್ತದೆ, ಕನ್ನಡದ ವಿಜ್ಞಾನಿಯೊಬ್ಬ ಯಂತ್ರ ಕಂಡುಹಿಡಿದು ಲೋಕವನ್ನು ಉಳಿಸುತ್ತಾನೆ. ಚಿಕ್ಕವ್ವ ಅದನ್ನು ಒಂದೇ ಗುಕ್ಕಿಗೆ ಓದಿ ಮುಗಿಸಿದಳು. ಪಡಸಾಲೆಯಲ್ಲೂ ಓದಿ ಹೇಳಿದಳಂತೆ. ಯಂತ್ರ ಎಲ್ಲಿ ಸಿಗುತ್ತದೆ ಎಂದು ಹೆಂಗಸರು ಕೇಳಿ ನಕ್ಕರಂತೆ. ಅದನ್ನು ನನಗೆ ಹೇಳುವಾಗ ಅವಳೂ ನಕ್ಕಳು. ಆಮೇಲೆ, "ಪಾಪ, ಬರೆದೋನೂ ಏನೋ ಒಂದು ಯೋಚನೆ ಮಾಡ್ಯಾನೆ ಬಿಡು" ಎಂದಳು.

ನಾನು ಆಗ ವಾರಪತ್ರಿಕೆಗಳಿಗೆ ಸಣ್ಣ ಕತೆ ಬರೆಯುತ್ತಿದ್ದೆ. ಎರಡು ಮೂರು ಅಚ್ಚಾಗಿದ್ದವು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ, ಸಿಗದ ಪುಸ್ತಕವನ್ನು ನಾನೇ ಯಾಕೆ ಬರೆಯಬಾರದು ಅನ್ನಿಸಿತು. ಒಂದು ಕತೆ ಶುರುಮಾಡಿದೆ. ಬೀಜ ಸುಲಿಯುವ ಹೆಂಗಸರು, ಒಂದು ಮನೆ, ಒಂದಾದ ಮೇಲೊಂದರಂತೆ ಕೆಲವು ವರ್ಷ. ಯಾರೂ ಸಾಯುವುದಿಲ್ಲ, ಯಾರೂ ಜಗಳವಾಡುವುದಿಲ್ಲ. ಪ್ರತಿ ವರ್ಷ ಸುಲಿಯುವ ರಾಶಿ ಸ್ವಲ್ಪ ಸಣ್ಣದಾಗುತ್ತದೆ, ಅಷ್ಟೇ.

ಅದನ್ನು ಹಿಡಿದುಕೊಂಡು ದುರ್ಗದಲ್ಲಿ ಹೊಸ ಕತೆಗಾರರಿಗೆಂದು ನಡೆದ ಕಮ್ಮಟಕ್ಕೆ ಹೋದೆ. ಬೆಂಗಳೂರಿನಿಂದ ಬಂದಿದ್ದ ಹಿರಿಯ ಲೇಖಕರೊಬ್ಬರು ನನ್ನ ಕತೆಯನ್ನು ತಾಳ್ಮೆಯಿಂದ ಕೇಳಿದರು. ಒರಟರೇನಲ್ಲ. ಕನ್ನಡಕ ತೆಗೆದು ಒರೆಸುತ್ತ ಮಾತಾಡಿದರು.

"ವಿವರಗಳು ಚೆನ್ನಾಗಿವೆ. ಆದರೆ ಕತೆ ಎಲ್ಲಿದೆ? ಸಂಘರ್ಷ ಯಾರ ಯಾರ ನಡುವೆ?"

"ಯಾರ ನಡುವೆಯೂ ಇಲ್ಲ ಸಾರ್. ಮಳೆ ಹದ ತಪ್ಪಿದೆ."

"ಅದು ಹಿನ್ನೆಲೆಯಾಯಿತು. ಮುನ್ನೆಲೆಗೆ ಮನುಷ್ಯರು ಬೇಕಲ್ಲ. ಇವರಿಗೆ ಅನ್ಯಾಯ ಮಾಡುತ್ತಿರುವವರು ಯಾರು?"

ನನಗೆ ಗೊತ್ತಿಲ್ಲ ಎಂದೆ. ಸಭೆಯಲ್ಲಿ ಕೆಲವರು ನಕ್ಕರು. ಆ ಲೇಖಕರು ನಗಲಿಲ್ಲ. "ಗೊತ್ತು ಮಾಡಿಕೊಂಡು ಬರೆಯಿರಿ" ಎಂದರು. ಅವರ ಮಾತಿನಲ್ಲಿ ತಪ್ಪಿದೆ ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ನಾನು ಓದಿದ, ಬಾಡಿಗೆಗೆ ಕೊಟ್ಟ ಎಲ್ಲ ಕತೆಗಳಲ್ಲೂ ಯಾರೋ ಮಾಡಿದ್ದನ್ನು ಯಾರೋ ಅನುಭವಿಸುತ್ತಿದ್ದರು. ನನ್ನಿವಾಳದ ಮನೆಯಲ್ಲಿ ಅನುಭವಿಸುವವರು ಕಣ್ಣೆದುರಿಗೆ ಕಾಣುತ್ತಿದ್ದರು. ಮಾಡಿದವರನ್ನು ಹುಡುಕಿ ಎಲ್ಲಿಗೆ ಹೋಗಬೇಕೋ ತಿಳಿಯುತ್ತಿರಲಿಲ್ಲ.

ಊರಿಗೆ ಬಂದು ಕತೆಯನ್ನು ತಿದ್ದಿದೆ. ಸಾಲು ಸಾಲು ಬೋರ್‌ವೆಲ್ ಕೊರೆಸಿ ಊರಿನ ಬಾವಿ ಬತ್ತಿಸುವ ಒಬ್ಬ ದುರಾಸೆಯವನನ್ನು ತಂದೆ. ಕತೆ ತಾನಾಗಿ ಓಡಿತು. ವಾರಪತ್ರಿಕೆಯವರು ಚಿತ್ರ ಬರೆಸಿ ಹಾಕಿದರು. ಅದನ್ನು ತೆಗೆದುಕೊಂಡು ನನ್ನಿವಾಳಕ್ಕೆ ಹೋದೆ. ಚಿಕ್ಕವ್ವ ಓದಿದಳು. ಚಿಕ್ಕಪ್ಪ ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕುತ್ತ ಕೇಳಿದ.

"ಬೋರು ಹಾಕ್ಸಿದೋನು ಕೆಟ್ಟೋನಾದ್ರೆ ನಾನೂ ಕೆಟ್ಟೋನೇ ಕಣಲೇ" ಎಂದು ನಕ್ಕ. "ಮೇಲಿಂದ ಬರದಿದ್ರೆ ಕೆಳಗಿಂದ ತಾನೇ ತೆಗೀಬೇಕು?"

"ಕತೆ ಅಲ್ವೇನ್ರಿ ಅದು" ಎಂದು ಚಿಕ್ಕವ್ವ ನನ್ನ ಪರವಾಗಿ ಹೇಳಿದಳು. ಪತ್ರಿಕೆಯನ್ನು ಮಡಿಸಿ ಗೂಡಿನಲ್ಲಿಟ್ಟಳು. ನಾನು ಹೊರಡುವಾಗ ಬಾಗಿಲವರೆಗೂ ಬಂದು ಮೆಲ್ಲಗೆ, "ಚೆನ್ನಾಗಿ ಬರ್ದೀಯಪ್ಪ. ನಾನು ಕೇಳಿದ್ದು ಇದಲ್ಲ, ಆದ್ರೂ ಚೆನ್ನಾಗೈತೆ" ಎಂದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸತತವಾಗಿ ಕೆಟ್ಟ ವರ್ಷಗಳು ಬಂದವು. ಸರ್ಕಾರದವರು ಮೇವಿಲ್ಲದ ದನಗಳಿಗೆ ಗೋಶಾಲೆ ತೆರೆದರು. ನನ್ನಿವಾಳದ ಮನೆಯ ಒಂದು ಹಟ್ಟಿ ದನದಲ್ಲಿ ಎರಡು ಜೊತೆ ಎತ್ತು, ಒಂದು ಹಸು ಉಳಿದವು. ಚಳ್ಳಕೆರೆಯಲ್ಲಿ ಮಿಲ್ಲುಗಳು ಒಂದೊಂದಾಗಿ ನಿಂತವು. ನಮ್ಮದೂ ನಿಂತಿತು. ಮಿಲ್ಲಿನ ಸದ್ದಿಲ್ಲದ ಮನೆಯಲ್ಲಿ ಅಪ್ಪನಿಗೆ ಮಧ್ಯಾಹ್ನ ನಿದ್ದೆ ಹತ್ತುತ್ತಿರಲಿಲ್ಲ. ಅಣ್ಣ ಬಂದರಿನಿಂದ ಬರುವ ತಾಳೆ ಎಣ್ಣೆಯ ಡಬ್ಬಿಗಳನ್ನು ತರಿಸಿ ಮಾರತೊಡಗಿದ. ಬದುಕಿಗೆ ತೊಂದರೆಯಾಗಲಿಲ್ಲ. ಅವನು ಮಾತ್ರ ಮಂಡಿಯ ಕಡೆ ಹೋಗುವುದನ್ನು ಬಿಟ್ಟ. ಮಂಡಿಯಲ್ಲಿ ಚೀಲ ಹೊರುತ್ತಿದ್ದ ಹಳೆಯ ಹಮಾಲಿ ಒಬ್ಬರು ಅಂಗಡಿಯ ಮುಂದೆ ಹಾದಾಗಲೆಲ್ಲ "ಮೌಸಮ್ ಬಿಗಡ್ ಗಯಾ ಭಾಯ್" ಎಂದು ಕೈ ಎತ್ತಿ ಹೋಗುತ್ತಿದ್ದರು. ಕಾಲ ಕೆಟ್ಟಿತು ಎನ್ನುವುದು ಎಲ್ಲರ ಬಾಯಲ್ಲೂ ಇತ್ತು. ಅದನ್ನು ಮುಂದುವರಿಸಿ ಎರಡನೆಯ ವಾಕ್ಯ ಹೇಳುವುದು ಮಾತ್ರ ಯಾರಿಗೂ ಆಗುತ್ತಿರಲಿಲ್ಲ.

ನಾನು ಊಹಿಸದೇ ಇದ್ದ ಇನ್ನೊಂದು ಸಂಗತಿಯೂ ನಡೆಯಿತು. ಬೆಳೆಯೇ ಬರದ ಮೇಲೆ ಮನೆಯಲ್ಲಿ ಬೀಜಕ್ಕೆಂದು ಎತ್ತಿಡಲು ಕಾಯಿ ಉಳಿಯಲಿಲ್ಲ. ಬಿತ್ತನೆಗೆ ಸುಲಿದ ಬೀಜವನ್ನೇ ಚೀಲದಲ್ಲಿ ಕೊಂಡು ತಂದರು. ಸುಲಿಯುವ ಕೆಲಸ ಇಲ್ಲವಾಯಿತು. ಕೆಲಸವಿಲ್ಲದೆ ಹೆಂಗಸರು ಸುಮ್ಮನೆ ಬಂದು ಪಡಸಾಲೆಯಲ್ಲಿ ಕೂರುವುದುಂಟೇ? ಬರಲಿಲ್ಲ. ಕೆಲವರು ಕೂಲಿಗೆಂದು ನೀರಾವರಿ ಊರುಗಳಿಗೆ ಹೋದರು, ಉಳಿದವರು ಅವರವರ ಮನೆಯ ಟಿ.ವಿ. ಮುಂದೆ ಕೂತರು. ಒಂದು ಬೇಸಿಗೆಯಲ್ಲಿ ಹೋದಾಗ ಚಿಕ್ಕವ್ವ ಖಾಲಿ ಪಡಸಾಲೆಯಲ್ಲಿ ಅದೇ ಕಂಬಕ್ಕೆ ಒರಗಿ ಬಾಯೊಳಗೇ ಓದುತ್ತಿದ್ದಳು.

"ಗಟ್ಟಿಯಾಗಿ ಓದು ಚಿಕ್ಕವ್ವ, ನಾನೂ ಕೇಳ್ತೀನಿ" ಎಂದೆ.

"ಒಬ್ರಿಗೆ ಓದಾಕೆ ನಾಚಿಕೆ ಆಗ್ತೈತೆ" ಎಂದಳು.

ಅವಳ ಮಗಳನ್ನು ಮೊಳಕಾಲ್ಮೂರು ಕಡೆಯ ಕೊಂಡ್ಲಹಳ್ಳಿಗೆ ಕೊಟ್ಟಿದ್ದರು. ಒಣ ವರ್ಷಗಳಾದ ಮೇಲೆ ಒಂದು ವರ್ಷ ಅಲ್ಲಿ ಶೇಂಗಾ ಚೆನ್ನಾಗಿ ಬಂತು. ಬಳ್ಳಿ ಕಿತ್ತರೆ ಗೊಂಚಲು ಗೊಂಚಲು ಕಾಯಿ ಬರುತ್ತಿವೆ ಎಂದು ಮಗಳು ಫೋನು ಮಾಡಿದ್ದಳು. ಈ ಸಲ ಮನೆಯ ಬೀಜವೇ ಬೇಕೆಂದು ಚಿಕ್ಕವ್ವ ಅವಳಿಗೆ ಹೇಳಿಟ್ಟಿದ್ದಳು. ಒಂದೆರಡು ಚೀಲ ತರಲು ನನ್ನನ್ನು ಜೊತೆಗೆ ಕರೆದಳು. ಹೊರಡಬೇಕೆನ್ನುವಷ್ಟರಲ್ಲಿ ಮಳೆ ಹಿಡಿಯಿತು. ದೀಪಾವಳಿಯ ಸುಮಾರಿಗೆ ನಮ್ಮ ಕಡೆ ಹಾಗೆ ಹಿಡಿದು ಸುರಿಯುವ ಮಳೆಯನ್ನು ನಾನು ಕಂಡಿರಲಿಲ್ಲ. ಹಗಲೂ ರಾತ್ರಿ ಬಿಡಲಿಲ್ಲ. ನಿಂತ ಮೇಲೆ ಹೋದೆವು.

ಬಸ್ಸಿನಿಂದಲೇ ಹೊಲಗಳು ಕಾಣುತ್ತಿದ್ದವು. ಕಿತ್ತು ಸಾಲಾಗಿ ಹಾಕಿದ್ದ ಬಳ್ಳಿ ನೀರಿನಲ್ಲಿ ನಿಂತಿತ್ತು. ಕೆಲವು ಕಡೆ ನೀರಿನ ಜೊತೆ ಹರಿದು ಬೇಲಿಗೆ ಸಿಕ್ಕಿಕೊಂಡಿತ್ತು. ಚಿಕ್ಕವ್ವ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಮನೆಗೆ ಹೋಗದೆ ನೇರ ಹೊಲಕ್ಕೆ ಹೋದೆವು. ಮಗಳು, ಅಳಿಯ, ಆಂಧ್ರದ ಗಡಿ ಊರಿನಿಂದ ಕೂಲಿಗೆ ಬಂದಿದ್ದ ನಾಲ್ಕಾರು ಹೆಂಗಸರು ಬಳ್ಳಿಯನ್ನು ತಿರುವಿ ಹಾಕುತ್ತಿದ್ದರು. ತಿರುವಿದಲ್ಲೆಲ್ಲ ಕಾಯಿ ಬಾಯಿಬಿಟ್ಟು ಬಿಳಿ ಮೊಳಕೆ ಹೊರಬಂದಿತ್ತು. ಇಡೀ ಹೊಲವೇ ಹುಳಿ ವಾಸನೆ.

ಚಿಕ್ಕವ್ವ ಬಗ್ಗಿ ಒಂದು ಬಳ್ಳಿ ಎತ್ತಿದಳು. ಒಂದೊಂದೇ ಕಾಯಿ ಹಿಚುಕಿ ನೋಡಿದಳು. ಕೂಲಿಯ ಹೆಂಗಸೊಬ್ಬಳು ನಮ್ಮ ಕಡೆ ತಿರುಗಿ, "ಏಂ ಚೇಸ್ತಾಮಮ್ಮಾ, ವಾನ ಪಡಿಂದಿ" ಎಂದಳು. ಏನು ಮಾಡುವುದಮ್ಮ, ಮಳೆ ಬಂತು ಎಂದು. ಇಷ್ಟು ವರ್ಷ ಎಲ್ಲರೂ ಮಳೆ ಬರಲಿಲ್ಲ ಎಂದು ಹೇಳುತ್ತಿದ್ದ ದನಿಯಲ್ಲೇ ಅವಳು ಅದನ್ನು ಹೇಳಿದಳು.

ಮಗಳು ಹತ್ತಿರ ಬಂದಳು. "ಅವ್ವ, ಬೀಜಕ್ಕಂತ ಎತ್ತಿಟ್ಟಿದ್ದೂ ಹೋಯ್ತು. ಮನೆಗೆ ಸಾಗಿಸೋಷ್ಟರಲ್ಲೇ ಮಳೆ ಹಿಡೀತು."

"ಹೋಗ್ಲಿ ಬಿಡವ್ವ."

"ತಾಡಪತ್ರಿ ಹೊದಿಸಿದ್ವಿ. ಕೆಳಗಿಂದ ನೀರು ನುಗ್ತು."

"ಹೋಗ್ಲಿ ಬಿಡು ಅಂದ್ನಲ್ಲ. ನೀನೇನ್ ಮಾಡಾಕಾಗ್ತಿತ್ತು."

ನಾವೂ ಸೆರಗು ಕಟ್ಟಿ, ಪಂಚೆ ಎತ್ತಿ ಬಳ್ಳಿ ತಿರುವಲು ಸೇರಿಕೊಂಡೆವು. ಅದರಿಂದ ಪ್ರಯೋಜನವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಸುಮ್ಮನೆ ನಿಂತುಕೊಳ್ಳಲು ಯಾರಿಗೂ ಆಗಲಿಲ್ಲ. ಮಧ್ಯಾಹ್ನ ಮಗಳ ಮನೆಯಲ್ಲಿ ಮುದ್ದೆ ತಟ್ಟೆಗೆ ಹಾಕಿದಾಗ ಯಾರೂ ಹೆಚ್ಚು ಉಣ್ಣಲಿಲ್ಲ. ಸಂಜೆ ಬರಿಗೈಯಲ್ಲಿ ಚಳ್ಳಕೆರೆಯ ಬಸ್ಸು ಹತ್ತಿದೆವು.

ದಾರಿಯಲ್ಲಿ ಚಿಕ್ಕವ್ವ, "ಇದನ್ನ ಹೆಂಗ್ ಬರೀತೀಯಪ್ಪ" ಎಂದು ಕೇಳಿದಳು. "ಬರ ಅಂತೀಯಾ, ನೆರೆ ಅಂತೀಯಾ? ಆ ಪುಸ್ತಕಗಳಲ್ಲಿ ಮಳೆ ಬಂದ್ರೆ ಕತೆ ಮುಗೀತಿತ್ತು. ಇಲ್ಲಿ ಮಳೆ ಬಂದು ಮುಗೀತು."

ಅವಳು ಉತ್ತರಕ್ಕೆ ಕಾಯಲಿಲ್ಲ. ತಲೆಯನ್ನು ಸೀಟಿಗೆ ಆನಿಸಿ ಕಣ್ಣು ಮುಚ್ಚಿಕೊಂಡಳು. ನಿದ್ದೆ ಮಾಡುತ್ತಿರಲಿಲ್ಲ.

ಆ ವರ್ಷವೇ ನನ್ನ ಹಳೆಯ ಕತೆಯನ್ನು ಮತ್ತೆ ತೆಗೆದೆ. ಬೋರ್‌ವೆಲ್ಲಿನ ದುರಾಸೆಯವನನ್ನು ಕಿತ್ತುಹಾಕಿದೆ. ಕೊಂಡ್ಲಹಳ್ಳಿಯ ಹೊಲದವರೆಗೂ ತಂದು ನಿಲ್ಲಿಸಿದೆ. ಮೊಳೆತ ಕಾಯಿಯನ್ನು ಕೈಯಲ್ಲಿ ಹಿಡಿದು ನಿಂತ ಹೆಂಗಸಿನ ಮುಂದೆ ಪೆನ್ನು ನಿಂತಿತು. ಅಷ್ಟನ್ನೇ ತೆಗೆದುಕೊಂಡು ಹೋಗಿ ಚಿಕ್ಕವ್ವನಿಗೆ ಓದಿದೆ. ಅವಳು ಅಕ್ಕಿ ಆರಿಸುತ್ತ ಕೇಳಿದಳು. ನಾನು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಮೊರ ಆಡಿಸುತ್ತಿದ್ದಳು.

"ಮುಂದೆ?"

"ಅಷ್ಟೇ ಚಿಕ್ಕವ್ವ."

"ಅವರಿಗೇನಾಗ್ತೈತೆ?"

"ಗೊತ್ತಿಲ್ಲ."

ಅವಳು ಸಿಟ್ಟಾಗುವಳೇನೋ ಅಂದುಕೊಂಡೆ. ಕೊನೆಯ ಹಾಳೆ ಮೊದಲು ಓದುವವಳಿಗೆ ಕೊನೆಯೇ ಇಲ್ಲದ ಕತೆ ಓದಿದ್ದೆ. ಅವಳು ಸಿಟ್ಟಾಗಲಿಲ್ಲ. "ನನಗೂ ಗೊತ್ತಿಲ್ಲ ಕಣಪ್ಪ" ಎಂದಳು. "ಇದು ನಮ್ದೇ. ಓದಿದ್ರೆ ಇದ್ದಿದ್ದು ಇದ್ದಂಗೇ ಐತೆ. ಆದ್ರೆ ಇದನ್ನ ಕೇಳಿ ಏನು ಮಾಡಾನ? ನಾನು ಇಷ್ಟು ವರ್ಷ ಕೇಳ್ದೆ, ಯಾಕೆ ಕೇಳ್ದೆ ಅಂತ ಈಗ ತಿಳೀವಲ್ದು. ಬರೆದೋರು ಯಾರಾದ್ರೂ ಇದಕ್ಕೊಂದು ದಾರಿ ಕಂಡಿರ್ತಾರೆ ಅಂತ ಇತ್ತೇನೋ."

ದಾರಿ ನನಗೆ ಕಂಡಿರಲಿಲ್ಲ. ಕಂಡಂತೆ ಬರೆಯಲು ಮನಸ್ಸು ಬರಲಿಲ್ಲ. ಆ ಕತೆಯನ್ನು ಯಾವ ಪತ್ರಿಕೆಗೂ ಕಳಿಸಲಿಲ್ಲ.

ಅದಾದ ಮೇಲೆ ಚಿಕ್ಕವ್ವ ಪುಸ್ತಕ ಒಯ್ಯುವುದನ್ನು ಕಡಿಮೆ ಮಾಡಿದಳು. ಕಣ್ಣು ಮಂಜಾಗುತ್ತಿದೆ ಎಂದಳು. ಕನ್ನಡಕ ಮಾಡಿಸಿಕೊಟ್ಟೆ. ಆಗ ನಿಜ ಹೇಳಿದಳು. "ಕಣ್ಣು ಸರಿಯಾಗೇ ಅದಾವೆ. ಆ ಕತೆಗಳಲ್ಲಿ ಮಳೆ ಬಂದ ಕಡೆಯೆಲ್ಲ ಓದು ನಿಲ್ತೈತೆ. ಇದು ಸಕಾಲಕ್ಕೆ ಬಂತಾ, ಇದರಿಂದ ಯಾರ ಹೊಲ ಹಾಳಾಯ್ತು ಅಂತ ಯೋಚನೆ ಹತ್ತೈತೆ. ಹುಡುಗ ಹುಡುಗಿ ಏನಾದ್ರು ಅನ್ನೋದು ಮರ್ತೇ ಹೋಗ್ತೈತೆ." ಹೇಳುತ್ತ ತನ್ನಷ್ಟಕ್ಕೆ ನಕ್ಕಳು. ಬೇರೆಯವರಂತೆ ಅವಳೂ ಸಂಜೆ ಧಾರಾವಾಹಿ ನೋಡಲು ರೂಢಿಸಿಕೊಂಡಳು. ಅದರಲ್ಲಿ ಎಲ್ಲವೂ ಮನೆಯೊಳಗೇ ನಡೆಯುತ್ತದೆ, ಕಿಟಕಿ ತೆರೆಯುವುದೇ ಇಲ್ಲ, ಅದೇ ಒಳ್ಳೆಯದು ಎಂದಳು.

ನನ್ನ ಅಂಗಡಿಗೂ ಜನ ಬರುವುದು ನಿಂತಿತು. ಧಾರಾವಾಹಿಗಳು ಬಂದ ಮೇಲೆ ಕಾದಂಬರಿ ಯಾರಿಗೆ ಬೇಕು. ಒಂದಿಷ್ಟು ಪುಸ್ತಕಗಳನ್ನು ಹತ್ತಿರದ ಹೈಸ್ಕೂಲಿಗೆ ಕೊಟ್ಟೆ, ಗೆದ್ದಲು ಹಿಡಿದವು ಗುಜರಿಗೆ ಹೋದವು. ಕೋಣೆಯನ್ನು ಅಣ್ಣ ಎಣ್ಣೆ ಡಬ್ಬಿ ಇಡಲು ತೆಗೆದುಕೊಂಡ. ನಾನು ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡಲು ಸೇರಿದೆ. ಆ ವೇಳೆಗೆ ಪಠ್ಯಪುಸ್ತಕದಲ್ಲೇ ಹವಾಮಾನ ಬದಲಾವಣೆ ಎಂಬ ಪಾಠ ಬಂದಿತ್ತು. ಹೆಸರು ಸಿಕ್ಕಿತು ಎಂದು ಚಿಕ್ಕವ್ವನಿಗೆ ಹೇಳಿದೆ. ಅವಳು ಎರಡು ಸಲ ಬಾಯಲ್ಲಿ ಹೇಳಿಕೊಂಡಳು. "ಉದ್ದ ಐತೆ" ಎಂದಳು. ಮತ್ತೆ ಅದರ ಮಾತೆತ್ತಲಿಲ್ಲ.

ಒಂದು ಜುಲೈ ತಿಂಗಳಲ್ಲಿ ಅವರ ಮನೆಗೆ ಹೋಗಿದ್ದೆ. ಒಂದು ಸಣ್ಣ ಮಳೆ ಬಿದ್ದು ಎರಡು ದಿನವಾಗಿತ್ತು. ಚಿಕ್ಕಪ್ಪ ಮನೆಯಲ್ಲಿರಲಿಲ್ಲ. ಹೊಲಕ್ಕೆ ಹೋಗಿ ನೋಡಿದರೆ ಬಿತ್ತಲು ಕೂರಿಗೆ ಹೂಡಿದ್ದ. ನೆಲ ಮೇಲೊಂದಿಷ್ಟು ಹಸಿಯಾಗಿತ್ತು, ಕೆರೆದರೆ ಬೆರಳುದ್ದ ಕೆಳಗೆ ಒಣ ಮಣ್ಣು. ಆಕಾಶದಲ್ಲಿ ಮೋಡವಿರಲಿಲ್ಲ. ಗಾಳಿ ಜೋರಾಗಿ ಬೀಸುತ್ತಿತ್ತು.

"ಚಿಕ್ಕಪ್ಪ, ಇಷ್ಟಕ್ಕೇ ಬಿತ್ತುತ್ತೀರಾ? ಹದ ಸಾಲದಲ್ರಿ."

"ಸಾಲ್ದು" ಎಂದ. ಎತ್ತುಗಳನ್ನು ನಿಲ್ಲಿಸಲಿಲ್ಲ.

"ಮುಂದಿನ ಮಳೆಗೆ ಕಾಯಬಹುದಿತ್ತಲ್ಲ."

"ಅದು ಬರ್ತೈತೆ ಅಂತ ನಿನಗೆ ಗೊತ್ತೈತೇನಲೇ?"

ಇಲ್ಲ ಎಂದೆ.

"ನನಗೂ ಗೊತ್ತಿಲ್ಲ. ಮೊದಲು ಗೊತ್ತಾಗ್ತಿತ್ತು. ಈಗ ಬೀಜ ಮನೇಲಿದ್ರೂ ಹಾಳು, ಮಣ್ಣಿನಾಗಿದ್ರೂ ಹಾಳು. ಮಣ್ಣಿನಾಗಿರ್ಲಿ ಬಿಡು ಅಂತ."

ಅವನ ತಮ್ಮ ಹಿಂದೆ ಬೀಜ ಬಿಡುತ್ತ ಬರುತ್ತಿದ್ದ. ಇಬ್ಬರೂ ಸಾಲಿನ ತುದಿ ಮುಟ್ಟಿ ತಿರುಗಿದರು. ನಾನು ಬದುವಿನ ಮೇಲೆ ನಿಂತೇ ಇದ್ದೆ. ಆ ಬಿಸಿಲಿನಲ್ಲಿ ಹೊಸದಾಗಿ ತಿರುವಿದ ಮಣ್ಣು ನೋಡನೋಡುತ್ತಿದ್ದಂತೆ ಬಣ್ಣ ತೆಳುವಾಗಿ ಒಣಗುತ್ತಿತ್ತು. ಚಿಕ್ಕಪ್ಪ ಮತ್ತೆ ನನ್ನ ಹತ್ತಿರಕ್ಕೆ ಬಂದಾಗ, "ಮನೇಲಿ ಊಟ ಮಾಡ್ಕೊಂಡು ಹೋಗಲೇ, ಬಸ್ಸಿಗೆ ಇನ್ನೂ ಹೊತ್ತೈತೆ" ಎಂದು ಹೇಳಿ ಎತ್ತುಗಳನ್ನು ಮುಂದಿನ ಸಾಲಿಗೆ ಹೊಡೆದ.